ಯಾರ ಕಣ್ಣಿಗೆ ಚೆಂದ? ಕೆರೆ ಸುಂದರೀಕರಣದ ಅಧಿಕಾರಿಗಳಿಗೊಂದು ಬಹಿರಂಗ ಪತ್ರ

ಇವರಿಗೆ,
ಬೆಂಗಳೂರಿನ ಕೆರೆ ಹಾಗೂ ಉದ್ಯಾನಗಳ ಸುಂದರೀಕರಣದ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳಿಗೆ

ವಿಷಯ: ನಮ್ಮ ಬಡಾವಣೆಯ ಕೆರೆಯ ಸುಂದರೀಕರಣದಲ್ಲಿ ಆಗಿರುವ ಲೋಪಗಳು ಮತ್ತು ಉಳಿದ ಕಾಮಗಾರಿಯ ಬಗ್ಗೆ ಮನವಿ

ಮಾನ್ಯರೆ,

ನಾನು ಸರ್ಕಾರಿ ಪ್ರೌಢಶಾಲೆಗಳಲ್ಲಿ 31 ವರ್ಷ ಚಿತ್ರಕಲಾ ಶಿಕ್ಷಕಿಯಾಗಿದ್ದು ನಿವೃತ್ತಳಾದವಳು. ದಕ್ಷಿಣ ಬೆಂಗಳೂರಿನ ಒಂದು ಹಳೆಯ ಕೆರೆಯ ಏರಿಯಿಂದ ಕೂಗಳತೆಯ ದೂರದಲ್ಲಿ ನಮ್ಮ ಮನೆಯಿದೆ. ಕೆರೆಯ ಹೆಸರನ್ನು ಬೇಕೆಂದೇ ಇಲ್ಲಿ ಬರೆಯುತ್ತಿಲ್ಲ. ಒಬ್ಬ ಎಂಜಿನಿಯರನ್ನೋ ಒಬ್ಬ ಗುತ್ತಿಗೆದಾರನನ್ನೋ ಕಟಕಟೆಯಲ್ಲಿ ನಿಲ್ಲಿಸುವುದು ನನ್ನ ಉದ್ದೇಶವಾಗಿಲ್ಲ. ‘ಸುಂದರ’ ಎಂಬ ಮಾತನ್ನು ಫಲಕದ ಮೇಲೆ ಬರೆದು, ಸಾರ್ವಜನಿಕರ ಹಣ ಖರ್ಚು ಮಾಡಿ, ಸಾವಿರಾರು ಜನರ ಕಣ್ಣೆದುರಿನ ನೋಟವನ್ನು ಬದಲಿಸುವವರು ಆ ಮಾತಿನ ಅರ್ಥವನ್ನು ಒಮ್ಮೆ ನಿಂತು ಯೋಚಿಸಬೇಕೆಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ನಮ್ಮ ಕೆರೆಯ ಏರಿಯ ಮೇಲೆ ‘ಕೆರೆ ಸುಂದರೀಕರಣ ಕಾಮಗಾರಿ’ ಎಂಬ ಫಲಕ ನಿಂತಿತು. ಅದರಲ್ಲಿ ಮೊತ್ತವಿತ್ತು, ಅವಧಿಯಿತ್ತು. ಏನನ್ನು ತೆಗೆಯುತ್ತಾರೆ, ಏನನ್ನು ಇಡುತ್ತಾರೆ ಎಂಬ ಒಂದು ಸಾಲೂ ಇರಲಿಲ್ಲ. ಮೊದಲು ಜೆಸಿಬಿ ಬಂದು ರಾಜಕಾಲುವೆಯ ನೀರು ಕೆರೆಗೆ ಸೇರುವ ಬಾಯಿಯಲ್ಲಿ ಬೆಳೆದಿದ್ದ ಜೊಂಡನ್ನು ಬುಡಸಮೇತ ಕಿತ್ತು ಹಾಕಿತು. ಇಳಿಜಾರಾಗಿದ್ದ ಮಣ್ಣಿನ ದಂಡೆಯನ್ನು ಕಡಿದು ನೆಟ್ಟಗೆ ಕಲ್ಲು ಕಟ್ಟಲಾಯಿತು. ಹೊನಗೊನ್ನೆ, ಒಂದೆಲಗ ಕೊಯ್ಯಲು ಬರುತ್ತಿದ್ದ ಹೆಂಗಸರಿಗೆ ನೀರಿನ ಹತ್ತಿರ ಇಳಿಯುವ ದಾರಿಯೇ ಇಲ್ಲದಂತೆ ಸುತ್ತಲೂ ಬೇಲಿ ಬಂತು. ಅರಳಿಕಟ್ಟೆಯ ಹಳೆಯ ಚಪ್ಪಡಿಗಳ ಮೇಲೆ ಹೊಳಪಿನ ಟೈಲ್ಸ್ ಕೂತವು. ಕಟ್ಟೆಯ ಪಕ್ಕದಲ್ಲಿದ್ದ ವೀರಗಲ್ಲಿಗೆ ಚಿನ್ನದ ಬಣ್ಣದ ಎಣ್ಣೆಬಣ್ಣ ಬಳಿದರು. ನೀರಿನ ನಡುವೆ ಕಾರಂಜಿ, ದಂಡೆಯಲ್ಲಿ ಫೈಬರಿನ ಹಂಸಗಳು ಮತ್ತು ಜಿಂಕೆಗಳು, ಮರಗಳ ಕಾಂಡಕ್ಕೆ ಬಣ್ಣ ಬದಲಿಸುವ ದೀಪದ ಸರ, ರಸ್ತೆ ಕಡೆಯ ಗೋಡೆಯ ಮೇಲೆ ಹಿಮದ ಬೆಟ್ಟ ಮತ್ತು ಬಿಳಿ ಮುಖದ ಹೆಂಗಸರ ಚಿತ್ರ, ಹೀಗೆ ಒಂದೊಂದಾಗಿ ಬಂದವು.

ಜೊಂಡು ಕೀಳುತ್ತಿದ್ದ ದಿನವೇ ನಾನು ಸ್ಥಳದಲ್ಲಿದ್ದ ಅಧಿಕಾರಿಯವರನ್ನು ಕಂಡು, ಇದೇಕೆ ಎಂದು ಕೇಳಿದೆ. ಅವರು ಬಹಳ ಸೌಜನ್ಯದಿಂದಲೇ ಉತ್ತರ ಕೊಟ್ಟರು: “ಸೌಂದರ್ಯ ಅನ್ನೋದು ಅವರವರ ಕಣ್ಣಿಗೆ ಬಿಟ್ಟಿದ್ದು ಮೇಡಂ. ನಿಮಗೆ ಜೊಂಡು ಚೆಂದ ಕಾಣುತ್ತೆ, ಜನಕ್ಕೆ ಲೈಟು ಚೆಂದ ಕಾಣುತ್ತೆ.” ಆ ಉತ್ತರವನ್ನು ನಾನು ಎರಡು ವರ್ಷದಿಂದ ಮನಸ್ಸಿನಲ್ಲಿಟ್ಟುಕೊಂಡು ತಿರುಗುತ್ತಿದ್ದೇನೆ. ಅದು ಸುಳ್ಳೆಂದು ನಾನು ಹೇಳಲಾರೆ. ಆದರೆ ಅದನ್ನು ನಿಜವೆಂದು ನಂಬುವವರು ಮಾಡಬೇಕಾದ ಕೆಲಸ ಬೇರೆಯೇ ಇತ್ತು.

ಚೆಲುವಿನ ಬಗ್ಗೆ ಒಬ್ಬರಂತೆ ಇನ್ನೊಬ್ಬರಿಗೆ ಅನಿಸುವುದಿಲ್ಲವೆಂಬುದು ಹೊಸ ಮಾತೇನಲ್ಲ. ‘ಭಿನ್ನರುಚಿರ್ಹಿ ಲೋಕಃ’ ಎಂದು ಕಾಳಿದಾಸನೇ ಹೇಳಿದ್ದಾನೆ, ಅದನ್ನು ನಾವು ಊಟದ ಎಲೆಯ ಮುಂದೆಯೂ ಬಳಸುತ್ತೇವೆ. ಆದರೆ ಅವನು ಅದನ್ನು ಹೇಳಿದ್ದು ಎಲ್ಲಿ ಎಂಬುದನ್ನು ನೆನಪಿಸಿಕೊಳ್ಳಬೇಕು. ಅವನ ರಘುವಂಶ ಕಾವ್ಯದ ಆರನೆಯ ಸರ್ಗದಲ್ಲಿ ರಾಜಕುಮಾರಿ ಇಂದುಮತಿಯ ಸ್ವಯಂವರ ನಡೆಯುತ್ತದೆ. ಅಂಗದೇಶದ ರಾಜನನ್ನು ನೋಡಿ ಆಕೆ ಮುಂದೆ ಸಾಗುತ್ತಾಳೆ. ಅವನು ಚೆಲುವನಲ್ಲವೆಂದಲ್ಲ, ಆಕೆಗೆ ನೋಡಲು ಬಾರದೆಂದೂ ಅಲ್ಲ, ಲೋಕದ ರುಚಿಯೇ ಬೇರೆ ಬೇರೆ ಎನ್ನುತ್ತಾನೆ ಕವಿ. ರುಚಿ ಬೇರೆಯಾದ ಮಾತ್ರಕ್ಕೆ ನೋಟದಲ್ಲಿ ವಿವೇಕವಿಲ್ಲವೆಂದಾಗುವುದಿಲ್ಲ ಎಂಬುದನ್ನು ಅವನು ಅಷ್ಟು ಎಚ್ಚರದಿಂದ ಹೇಳಿದ್ದಾನೆ. ಅದಕ್ಕಿಂತ ಮುಖ್ಯವಾಗಿ, ಅದು ಸ್ವಯಂವರ. ಬಾಳುವವಳು ಆಕೆ, ಹಾರವೂ ಆಕೆಯ ಕೈಯಲ್ಲೇ ಇತ್ತು. ನಮ್ಮ ಕೆರೆಯ ವಿಷಯದಲ್ಲಿ ಹಾರ ಯಾರ ಕೈಯಲ್ಲಿತ್ತು? ಚೆಲುವು ಅವರವರ ಕಣ್ಣಿಗೆ ಬಿಟ್ಟದ್ದಾದರೆ, ಎಲ್ಲರ ಕಣ್ಣಿನ ಪರವಾಗಿ ಒಂದೇ ಒಂದು ಕಣ್ಣು ಕಚೇರಿಯಲ್ಲಿ ಕುಳಿತು ನಕ್ಷೆ ಬರೆದದ್ದು ಹೇಗೆ ನ್ಯಾಯವಾಗುತ್ತದೆ?

ಇಲ್ಲಿ ನನ್ನ ಪಕ್ಷವನ್ನಷ್ಟೇ ಹೇಳಿದರೆ ಅನ್ಯಾಯ ಮಾಡಿದಂತಾಗುತ್ತದೆ. ನಮ್ಮ ಬೀದಿಯಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವ ಒಬ್ಬ ಹೆಣ್ಣುಮಗಳಿದ್ದಾಳೆ. ಕಿತ್ತುಹೋದ ಜೊಂಡಿನ ಬಗ್ಗೆ ನಾನು ಕೊರಗಿದಾಗ ಆಕೆ ನನ್ನನ್ನು ತಡೆದು ಹೇಳಿದಳು: “ಟೀಚರಮ್ಮ, ನಿಮಗೆ ಅದು ಚೆನ್ನಾಗಿ ಕಾಣ್ತಿತ್ತು. ನಾನು ರಾತ್ರಿ ಎಂಟು ಗಂಟೆಗೆ ಆ ಕತ್ತಲಲ್ಲಿ ಜೊಂಡಿನ ಪಕ್ಕ ಓಡ್ಕೊಂಡು ಬರ್ತಿದ್ದೆ. ಈಗ ನಡ್ಕೊಂಡು ಬರ್ತೀನಿ.” ನನಗೆ ಆ ಕ್ಷಣ ಮಾತು ಹೊರಡಲಿಲ್ಲ. ಬೆಳಗ್ಗೆ ಆರೂವರೆಯ ಬಿಸಿಲಿನಲ್ಲಿ, ಪೆನ್ಸಿಲ್ ಹಿಡಿದು, ಹೆದರಿಕೆಯಿಲ್ಲದೆ ಕುಳಿತವಳ ಕಣ್ಣಿಗೆ ಕಂಡ ಕೆರೆಯೇ ಕೆರೆ ಎಂದು ನಾನು ಇಷ್ಟು ವರ್ಷ ನಂಬಿದ್ದೆ. ಹದಿನೆಂಟನೆಯ ಶತಮಾನದ ಜರ್ಮನ್ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್, ಚೆಲುವನ್ನು ಕಂಡು ಪಡುವ ಸಂತೋಷದಲ್ಲಿ ‘ಇದು ನನಗೆ ಬೇಕು, ಇದರಿಂದ ನನಗೆ ಲಾಭ’ ಎಂಬ ಹಂಬಲ ಇರಬಾರದು ಎಂದು 1790ರಲ್ಲಿ ವಾದಿಸಿದ. ಆ ನಿರ್ಲಿಪ್ತ ನೋಟದ ಬೆಲೆ ನನಗೆ ಗೊತ್ತು, ಮಕ್ಕಳಿಗೆ ಅದನ್ನೇ ಕಲಿಸಿದ್ದೇನೆ. ಆದರೆ ಭಯವಿರುವವರಿಗೆ ಆ ನಿರ್ಲಿಪ್ತತೆ ದಕ್ಕುವುದಿಲ್ಲವೆಂದು ಆ ಹೆಣ್ಣುಮಗಳು ನನಗೆ ಕಲಿಸಿದಳು. ಆದ್ದರಿಂದ ದಾರಿಯ ದೀಪಗಳನ್ನು ತೆಗೆಯಿರೆಂದು ನಾನು ಎಂದೂ ಕೇಳುವುದಿಲ್ಲ. ಮೊದಲು ಅಲ್ಲಿ ಕಸದ ರಾಶಿಯಿತ್ತು, ಹಿರಿಯರು ನಡೆಯಲು ಹಾದಿಯಿರಲಿಲ್ಲ. ಅವೆರಡನ್ನೂ ತಾವು ಸರಿಪಡಿಸಿದ್ದೀರಿ, ಅದಕ್ಕೆ ಕೃತಜ್ಞಳಾಗಿದ್ದೇನೆ.

ನನ್ನ ದೂರು ಇರುವುದು ಬೇರೆ ಕಡೆ. ಯಾವುದೇ ವಸ್ತುವನ್ನು ಚೆಂದ ಮಾಡುವ ಮೊದಲು ಅದು ಏನು ಎಂದು ಕೇಳಿಕೊಳ್ಳಬೇಕು. ಆ ಪ್ರಶ್ನೆಯನ್ನು ಇಲ್ಲಿ ಯಾರೂ ಕೇಳಿಕೊಂಡಂತಿಲ್ಲ. ಹನ್ನೊಂದನೆಯ ಶತಮಾನದ ಕಾಶ್ಮೀರದಲ್ಲಿದ್ದ ಸಂಸ್ಕೃತ ಕವಿ ಕ್ಷೇಮೇಂದ್ರ ಇದನ್ನು ‘ಔಚಿತ್ಯ’ ಎಂದು ಕರೆದ. ಕೊರಳಿಗೆ ಡಾಬು, ಸೊಂಟಕ್ಕೆ ಮುತ್ತಿನ ಹಾರ, ಕೈಗೆ ಕಾಲ್ಗೆಜ್ಜೆ, ಕಾಲಿಗೆ ತೋಳಬಂದಿ ತೊಟ್ಟು ಬಂದವರನ್ನು ಕಂಡು ಯಾರು ತಾನೆ ನಗುವುದಿಲ್ಲ ಎಂದು ಅವನು ಕೇಳುತ್ತಾನೆ. ಒಡವೆಗಳಲ್ಲಿ ಒಂದಕ್ಕೂ ಕುಂದಿಲ್ಲ, ಎಲ್ಲವೂ ಅಪ್ಪಟ, ಎಲ್ಲವೂ ಕುಸುರಿಯವು. ಔಚಿತ್ಯ ತಪ್ಪಿದ್ದರಿಂದ ಅವು ಚೆಲುವನ್ನು ಕೊಡಲಾರವು. ಕಾರಂಜಿಯಲ್ಲಿ ದೋಷವಿಲ್ಲ, ಸರಿಯಾದ ಕಡೆ ಇದ್ದರೆ ಹಂಸದ ಬೊಂಬೆಯಲ್ಲಿಯೂ ದೋಷವಿಲ್ಲ. ಬೆಳ್ಳಕ್ಕಿಗಳು ಕಾಲೂರಲು ತಾವಿಲ್ಲದಂತೆ ದಂಡೆಯನ್ನು ಕಡಿದು, ಅದೇ ದಂಡೆಯ ಮೇಲೆ ಫೈಬರಿನ ಹಂಸವನ್ನು ಕೂರಿಸಿದ್ದು ಕೊರಳಿಗೆ ಕಟ್ಟಿದ ಡಾಬು.

ಕಾಂಟ್ ಕೂಡ ಇದರ ಹತ್ತಿರವೇ ಬಂದಿದ್ದ. ಹೂವಿನಂಥ ಸ್ವತಂತ್ರ ಚೆಲುವು ಒಂದು, ಒಂದು ವಸ್ತುವಿನ ಉದ್ದೇಶವನ್ನು ಆಶ್ರಯಿಸಿದ ಚೆಲುವು ಇನ್ನೊಂದು ಎಂದು ಬೇರ್ಪಡಿಸಿ, ಕಣ್ಣಿಗೆ ಹಿತವಾದ ಎಷ್ಟೋ ಅಲಂಕಾರಗಳನ್ನು ಒಂದು ಕಟ್ಟಡಕ್ಕೆ ಸೇರಿಸಬಹುದಿತ್ತು, ಅದು ಚರ್ಚ್ ಆಗಿರದಿದ್ದರೆ, ಎಂದು ಅವನು ಉದಾಹರಣೆ ಕೊಟ್ಟ. ಆದರೆ ಅದರ ಬೆನ್ನಿಗೇ, ನ್ಯೂಜಿಲೆಂಡಿನ ಜನ ಮೈಮೇಲೆ ಬರೆಸಿಕೊಳ್ಳುವ ಹಚ್ಚೆಯ ಸುರುಳಿಗಳೂ ಚೆಂದವೇ, ಮನುಷ್ಯನ ರೂಪದ ಮೇಲೆ ಇರದಿದ್ದರೆ, ಎಂದುಬಿಟ್ಟ. ಅದನ್ನು ಓದಿದಾಗ ನನ್ನ ಅಜ್ಜಿ ನೆನಪಾದಳು. ಅವಳ ಹಣೆಯಲ್ಲಿ, ಎರಡೂ ಮುಂಗೈಗಳ ಮೇಲೆ ಹಸಿರು ಹಚ್ಚೆಯಿತ್ತು. ಊರಿಗೆ ಬಂದ ಕೊರವಂಜಿ ಸೂಜಿಗಳನ್ನು ಒಟ್ಟು ಕಟ್ಟಿಕೊಂಡು ಚುಚ್ಚಿದ್ದಂತೆ. ಸತ್ತಾಗ ಚಿನ್ನ ಬೆಳ್ಳಿಯೆಲ್ಲ ಇಲ್ಲೇ ಉಳಿಯುತ್ತದೆ, ಜೊತೆಗೆ ಬರುವುದು ಹಚ್ಚೆಯೊಂದೇ ಎನ್ನುತ್ತಿದ್ದಳು. ನ್ಯೂಜಿಲೆಂಡಿನ ಆ ಮೂಲನಿವಾಸಿ ಮಾವೋರಿಗಳಿಗೂ ಮುಖದ ಹಚ್ಚೆ ವಂಶದ ಗುರುತು, ಮರ್ಯಾದೆಯ ಗುರುತು. ಮನುಷ್ಯನ ಮುಖಕ್ಕೆ ಯಾವುದು ತಕ್ಕದ್ದೆಂದು ದೂರದ ತನ್ನೂರು ಕೋನಿಗ್ಸ್‌ಬರ್ಗಿನಲ್ಲಿ ಕುಳಿತು ತೀರ್ಮಾನಿಸಿದ ಮಹಾ ತತ್ವಜ್ಞಾನಿಯೂ ಆ ಮುಖ ಹೊತ್ತವರನ್ನು ಕೇಳಲಿಲ್ಲ. ಔಚಿತ್ಯ ಏನೆಂಬುದು ಹೊರಗಿನಿಂದ ಪೂರ್ತಿ ಕಾಣುವುದಿಲ್ಲ, ಅದರೊಂದಿಗೆ ಬಾಳಿದವರನ್ನು ಕೇಳಿಯೇ ತಿಳಿಯಬೇಕು.

ಕೇಳಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ನಮ್ಮ ಕೆರೆಯಲ್ಲೇ ಸಾಕ್ಷಿಯಿದೆ. ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ 1757ರ ಒಂದು ಪ್ರಬಂಧದಲ್ಲಿ, ಚೆಲುವು ವಸ್ತುವಿನಲ್ಲಿಲ್ಲ, ನೋಡುವವರ ಮನಸ್ಸಿನಲ್ಲಿದೆ ಎಂಬ ವಾದವನ್ನು ಎದುರಿಟ್ಟುಕೊಂಡೇ, ಹಾಗಿದ್ದರೂ ಎಲ್ಲ ತೀರ್ಪುಗಳೂ ಸಮವಲ್ಲ ಎಂದು ತೋರಿಸಲು ಒಂದು ಕಥೆಯನ್ನು ಬಳಸುತ್ತಾನೆ. ಇಬ್ಬರು ಒಂದೇ ಪೀಪಾಯಿಯ ದ್ರಾಕ್ಷಾರಸವನ್ನು ಸವಿದು, ಒಬ್ಬ ಇದರಲ್ಲಿ ಕೊಂಚ ತೊಗಲಿನ ರುಚಿಯಿದೆ ಎಂದ, ಇನ್ನೊಬ್ಬ ಕಬ್ಬಿಣದ ರುಚಿಯಿದೆ ಎಂದ. ಸುತ್ತಲಿದ್ದವರು ಇಬ್ಬರನ್ನೂ ನೋಡಿ ನಕ್ಕರು. ಪೀಪಾಯಿ ಬರಿದಾದಾಗ ತಳದಲ್ಲಿ ತೊಗಲಿನ ಪಟ್ಟಿ ಕಟ್ಟಿದ ಒಂದು ಬೀಗದ ಕೈ ಸಿಕ್ಕಿತು. ಜೊಂಡು ಕೀಳುವಾಗ, ಹಿಂದೆ ಈ ಕೆರೆಯ ನೀರು ಬಿಡುವ ಹೊಣೆ ಹೊತ್ತ ನೀರುಗಂಟಿಗಳಾಗಿದ್ದ ಮನೆತನದ ಹಿರಿಯರೊಬ್ಬರು ಏರಿಯ ಮೇಲೆ ನಿಂತು, “ಜೊಂಡು ಹೋದರೆ ನೀರು ಕೊಳೀತದೆ ಸ್ವಾಮಿ” ಎಂದಿದ್ದರು. ಅವರ ಮಾತಿಗೂ ಅಂದು ಹಲವರು ನಕ್ಕರು. ಮುಂದಿನ ಬೇಸಿಗೆಯಲ್ಲಿ ನೀರು ಬಣ್ಣ ಕದಡಿದಂತೆ ಗಾಢ ಹಸಿರಾಯಿತು, ಒಂದು ಬೆಳಗ್ಗೆ ಕಾರಂಜಿಯ ಸುತ್ತ ಸತ್ತ ಮೀನುಗಳು ತೇಲುತ್ತಿದ್ದವು. ಕೊಳಚೆಯಲ್ಲಿರುವ ಸಾರಜನಕ, ರಂಜಕಗಳನ್ನು ಜೊಂಡು ಹೀರಿಕೊಳ್ಳುತ್ತದೆ; ಜೊಂಡು ಇಲ್ಲದಿದ್ದರೆ ಅವು ಪಾಚಿಗೆ ಗೊಬ್ಬರವಾಗುತ್ತವೆ; ಪಾಚಿ ಹೆಚ್ಚಿದ ನೀರಿನಲ್ಲಿ ರಾತ್ರಿ ಕಳೆಯುವಷ್ಟರಲ್ಲಿ ಆಮ್ಲಜನಕ ಕುಸಿದು ಮೀನು ಉಸಿರುಕಟ್ಟಿ ಸಾಯುತ್ತದೆ. ಜೊಂಡು ತೆಗೆದದ್ದೊಂದೇ ಕಾರಣವೆಂದು ನಾನು ಹೇಳುವುದಿಲ್ಲ, ರಾಜಕಾಲುವೆಗೆ ಬಿಟ್ಟ ಕೊಳಚೆಯೇ ಮೊದಲ ಕಾರಣ. ಆದರೆ ಆ ಹಿರಿಯರ ಕಣ್ಣಿಗೆ ಜೊಂಡು ಚೆಂದ ಕಂಡದ್ದು ಬರಿಯ ಅಭಿರುಚಿಯಿಂದಲ್ಲ. ಹಲವು ತಲೆಮಾರು ಒಂದೇ ನೀರನ್ನು ನೋಡಿದ ಅನುಭವ ಆ ಚೆಂದದೊಳಗೆ ಸೇರಿತ್ತು.

ಇನ್ನು ವೀರಗಲ್ಲು. ಅದರಲ್ಲಿ ಮೂರು ಪಟ್ಟಿಕೆಗಳಿವೆ: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಕ್ರಿ.ಶ. 900ರ ಸುಮಾರಿನ ವೀರಗಲ್ಲಿನ ಶಾಸನದಲ್ಲಿ ‘ಬೆಂಗಳೂರು’ ಎಂಬ ಹೆಸರೇ ನಮಗೆ ಸಿಕ್ಕಿದೆ. ಇಂಥ ಕಲ್ಲುಗಳು ಈ ಊರಿನ ಜಾತಕ. ಎಣ್ಣೆಬಣ್ಣ ಬಳಿದಾಗ ಉಳಿಯ ಗೆರೆಗಳು ತುಂಬಿಹೋಗುತ್ತವೆ, ಅಕ್ಷರವಿದ್ದರೆ ಮುಚ್ಚಿಹೋಗುತ್ತದೆ. ಬಳಿದವರಿಗೆ ದುರುದ್ದೇಶವಿರಲಿಲ್ಲ, ಭಕ್ತಿಯಿಂದಲೇ ಬಳಿದಿರಬಹುದು. ಹೊಸದರಂತೆ ಹೊಳೆಯುವುದೇ ಚೆಲುವು ಎಂಬ ಒಂದೇ ಒಂದು ಕಲ್ಪನೆ ಅವರ ಕೈಯನ್ನು ನಡೆಸಿತು. ಜಪಾನಿನಲ್ಲಿ ಒಡೆದ ಚಹಾ ಬಟ್ಟಲನ್ನು ಮರದ ಅಂಟುರಸದಿಂದ ಬೆಸೆದು, ಬಿರುಕಿನ ಗೆರೆ ಎದ್ದು ಕಾಣುವಂತೆ ಚಿನ್ನದ ಪುಡಿ ಹಚ್ಚುತ್ತಾರೆ. ಅಲ್ಲಿ ಚಿನ್ನ ವಯಸ್ಸನ್ನು ತೋರಿಸುತ್ತದೆ, ನಮ್ಮ ಕೆರೆಯ ಏರಿಯ ಮೇಲೆ ಅದು ವಯಸ್ಸನ್ನು ಅಳಿಸಿತು.

ನಮ್ಮ ನಾಡಿಗೆ ಚೆಲುವಿನ ಒಂದೇ ಅಳತೆ ಎಂದೂ ಇರಲಿಲ್ಲ. ಹಾಸನ ಒಂದೇ ಜಿಲ್ಲೆಯೊಳಗೆ, ಮೈತುಂಬ ಒಡವೆ ತೊಟ್ಟ ಬೇಲೂರಿನ ಮದನಿಕೆಯರೂ ಇದ್ದಾರೆ, ನೂಲೆಳೆಯೂ ಇಲ್ಲದೆ ನಿಂತ ಶ್ರವಣಬೆಳಗೊಳದ ಗೊಮ್ಮಟನೂ ಇದ್ದಾನೆ. ಬೇಲೂರಿನ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಆದ್ದರಿಂದ ಬಳೆಯ ಕುಸುರಿಯನ್ನೂ ಕಡೆಯಲು ಬಂತು. ವಿಂಧ್ಯಗಿರಿಯ ಬಂಡೆ ಗಟ್ಟಿ. 981ರ ಸುಮಾರಿಗೆ ಅದರಿಂದ 58 ಅಡಿಯ ಮೂರ್ತಿಯನ್ನು ತೆಗೆದ ಶಿಲ್ಪಿ ಒಡವೆಯ ಗೊಡವೆಗೆ ಹೋಗದೆ ಬಿಟ್ಟ. ಕಲ್ಲಿನ ಗುಣವನ್ನೂ ದೇವರ ಗುಣವನ್ನೂ ಎರಡೂ ಕಡೆಯ ಶಿಲ್ಪಿಗಳು ಕೇಳಿಕೊಂಡರು. ಹನ್ನೆರಡನೆಯ ಶತಮಾನದಲ್ಲಿ ಕವಿ ಬೊಪ್ಪಣ ಪಂಡಿತ ಗೊಮ್ಮಟನ ಬಗ್ಗೆ ಬರೆದ ಶಾಸನಪದ್ಯದಲ್ಲಿ, ಬಹಳ ಎತ್ತರದ ಆಕೃತಿಗೆ ಸೌಂದರ್ಯ ಇರದು, ಎತ್ತರವೂ ಸೌಂದರ್ಯವೂ ಇದ್ದರೆ ಅತಿಶಯ ಇರದು, ಮೂರೂ ಸೇರಿ ನಿಂತದ್ದು ಇಲ್ಲಿ ಎನ್ನುತ್ತಾನೆ. ದೊಡ್ಡದಾಗಿ ಮಾಡಿದ್ದೇ ಸುಂದರವಾಯಿತೆಂದು ಅವನು ಒಪ್ಪಿಕೊಂಡಿರಲಿಲ್ಲ ಎಂಬುದನ್ನು ತಾವು ಗಮನಿಸಬೇಕು.

ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದೆಂಬ ವಾದವೂ ನನ್ನದಲ್ಲ. ಫೆಬ್ರವರಿ ಮಾರ್ಚಿನಲ್ಲಿ ಗುಲಾಬಿ ಬಣ್ಣದಲ್ಲಿ ಅರಳುವ ಟಬೂಬಿಯಾ, ನೇರಳೆಯ ಜಕರಂಡಾ, ಅದಾದ ಮೇಲೆ ಕೆಂಪಾಗುವ ಗುಲ್‌ಮೊಹರ್, ಇವೆಲ್ಲ ದೂರದ ನೆಲದ ಮರಗಳು. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಗುಸ್ತಾವ್ ಹರ್ಮನ್ ಕ್ರುಂಬಿಗಲ್, ವರ್ಷದ ಯಾವ ಕಾಲದಲ್ಲಾದರೂ ಈ ಊರಿನ ಯಾವುದಾದರೊಂದು ಮರ ಹೂಬಿಟ್ಟಿರಲೆಂದು ಸರದಿಯ ಲೆಕ್ಕ ಹಾಕಿ ಮರಗಳನ್ನು ನೆಡಿಸಿದರು. ಪರದೇಶದವರಾದರೂ ಈ ಊರಿನ ಹವೆ, ಮಣ್ಣು, ತಿಂಗಳುಗಳನ್ನು ಕೇಳಿಯೇ ಅವರು ಚೆಂದ ಮಾಡಿದ್ದು. ಅದೂ ಒಂದು ಸುಂದರೀಕರಣವೇ.

ಗೋಡೆಯ ಚಿತ್ರದ ಬಗ್ಗೆ ಶಿಕ್ಷಕಿಯಾಗಿ ಒಂದು ಮಾತು ಹೇಳಲೇಬೇಕು. ನನ್ನ ತರಗತಿಯಲ್ಲಿ ಮಕ್ಕಳು ಕ್ರೇಯಾನ್ ಡಬ್ಬಿಯ ತೆಳು ಗುಲಾಬಿ ಕಡ್ಡಿಯನ್ನು ‘ಸ್ಕಿನ್ ಕಲರ್’ ಎಂದೇ ಕರೆಯುತ್ತಿದ್ದರು. ಒಬ್ಬಳು ತನ್ನ ತಾಯಿಯ ಚಿತ್ರ ಬರೆದು ಮುಖಕ್ಕೆ ಅದೇ ಬಣ್ಣ ಹಚ್ಚಿದ್ದಳು. ಅವಳ ತಾಯಿಯನ್ನು ನಾನು ನೋಡಿದ್ದೆ, ಕಪ್ಪು ಮೈಬಣ್ಣದ ಲಕ್ಷಣವಾದ ಹೆಂಗಸು. ಅಮ್ಮ ಹೀಗಿದ್ದಾರೇನೇ ಎಂದು ಕೇಳಿದ್ದಕ್ಕೆ, “ಚೆನ್ನಾಗಿ ಕಾಣಲಿ ಅಂತ ಮಿಸ್” ಎಂದಳು. ಆ ಮಗುವಿಗೆ ಅದನ್ನು ಕಲಿಸಿದ್ದು ಯಾರು? ಜಾಹೀರಾತು ಕಲಿಸಿತು, ನೆಂಟರ ಮಾತು ಕಲಿಸಿತು, ಈಗ ತಮ್ಮ ಗೋಡೆಯೂ ಕಲಿಸುತ್ತಿದೆ. ಈ ನಗರದ ಬಹು ದೊಡ್ಡ ಉತ್ಸವ, ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಚೈತ್ರ ಪೌರ್ಣಮಿಯ ರಾತ್ರಿ ಹೊರಡುವ ಕರಗ, ದ್ರೌಪದಿಯದು. ಮೈಬಣ್ಣ ಕಪ್ಪೆಂದೇ ‘ಕೃಷ್ಣೆ’ ಎಂದು ಹೆಸರಾದವಳು ಅವಳು. ಮಲ್ಲಿಗೆ ಹೊತ್ತು ಅವಳನ್ನು ಮೆರೆಸುವ ಊರಿನ ಗೋಡೆಗಳಲ್ಲಿ ಅವಳ ಬಣ್ಣದ ಒಂದು ಮುಖಕ್ಕೂ ಜಾಗವಿಲ್ಲದಿರುವುದು ನನ್ನನ್ನು ಬಹಳ ನೋಯಿಸಿದೆ.

ಆದಕಾರಣ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಯಾವುದೇ ಕೆರೆ, ಕಟ್ಟೆ, ಬೀದಿಯನ್ನು ಚೆಂದ ಮಾಡುವ ಮುನ್ನ ಈಗ ಅಲ್ಲಿ ಏನೇನಿದೆ, ಯಾರು ಯಾರು ಅದನ್ನು ಬಳಸುತ್ತಾರೆ ಎಂಬುದನ್ನು ಬರೆದು, ತೆಗೆಯುವ ಮತ್ತು ಸೇರಿಸುವ ಪ್ರತಿಯೊಂದನ್ನೂ ನಕ್ಷೆಸಮೇತ ಕನ್ನಡದಲ್ಲಿ ಆ ಜಾಗದಲ್ಲೇ ಪ್ರಕಟಿಸಬೇಕು. ಜನರ ಅಭಿಪ್ರಾಯ ಕೇಳುವ ಸಭೆಯನ್ನು ಕಚೇರಿಯ ವೇಳೆಯಲ್ಲಿ, ಕಚೇರಿಯಲ್ಲಿ ನಡೆಸದೆ, ಭಾನುವಾರ ಕೆರೆಯ ಏರಿಯ ಮೇಲೆ ನಡೆಸಬೇಕು; ಗಾರ್ಮೆಂಟ್ಸಿನ ಹೆಣ್ಣುಮಗಳೂ, ಸೊಪ್ಪು ಕೊಯ್ಯುವವರೂ, ನೀರುಗಂಟಿಯವರ ಮನೆಯವರೂ ಬಂದು ಮಾತಾಡುವಂತಾಗಬೇಕು. ನಾನು ಹೇಳಿದ್ದೆಲ್ಲ ಅಲ್ಲಿ ಒಪ್ಪಿಗೆಯಾಗಲೇಬೇಕೆಂಬ ಹಟ ನನಗಿಲ್ಲ. ವೀರಗಲ್ಲಿನ ಬಣ್ಣವನ್ನು ಪುರಾತತ್ವ ಇಲಾಖೆಯ ತಜ್ಞರ ಕೈಯಿಂದಲೇ ತೆಗೆಸಬೇಕು. ತಂತಿ ಬ್ರಷ್ಷಿನಿಂದ ಉಜ್ಜಿಸಿದರೆ ಬಣ್ಣದ ಜೊತೆ ಕೆತ್ತನೆಯೂ ಹೋಗುತ್ತದೆ. ದಾರಿಯ ದೀಪಗಳು ಇರಲಿ, ಅವುಗಳ ಬೆಳಕು ನೆಲಕ್ಕೆ ಬೀಳುವಂತೆ ತಿರುಗಿಸಿ, ಮರಗಳಿಗೆ ಸುತ್ತಿದ ಸರಗಳನ್ನು ಮಾತ್ರ ಬಿಚ್ಚಿಸಿ. ರಾಜಕಾಲುವೆಯ ಬಾಯಿಯಲ್ಲಿ ಮತ್ತೆ ಜೊಂಡು ಬೆಳೆಯಲು ಬಿಡಿ, ಒಂದು ಮಗ್ಗುಲಲ್ಲಾದರೂ ಮಣ್ಣಿನ ಇಳಿಜಾರು ದಂಡೆ ಇರಲಿ. ಗೋಡೆಯನ್ನು ಸುತ್ತಲಿನ ಶಾಲೆಗಳ ಮಕ್ಕಳಿಗೆ ಕೊಡಿ. ಅವರವರ ಅಮ್ಮಂದಿರ ಮುಖವನ್ನು ಇದ್ದ ಬಣ್ಣದಲ್ಲೇ ಬರೆಯಲು ನಾನು ಸಂಬಳವಿಲ್ಲದೆ ಕಲಿಸುತ್ತೇನೆ.

ಎರಡನೆಯ ಹಂತದ ಕಾಮಗಾರಿ ಈ ಮಳೆಗಾಲ ಮುಗಿದ ಮೇಲೆ ಉತ್ತರದ ದಂಡೆಯಲ್ಲಿ ಶುರುವಾಗುವುದೆಂದು ಫಲಕದಲ್ಲಿದೆ. ಅಲ್ಲಿ ಸುಮಾರು ಮೂವತ್ತು ಹೆಜ್ಜೆಯಷ್ಟು ಉದ್ದಕ್ಕೆ ಜೊಂಡು ಇನ್ನೂ ಉಳಿದಿದೆ. ಕಳೆದ ವಾರ ಅದರ ಮೇಲೆ ಬಾಗಿರುವ ಜಾಲಿಯಲ್ಲಿ ಗೀಜಗನ ಏಳು ಗೂಡು ಎಣಿಸಿದೆ, ಎರಡು ಇನ್ನೂ ಅರ್ಧ ನೇಯ್ದವು. ಯಂತ್ರ ಬರುವ ಮೊದಲು ತಾವು ಒಮ್ಮೆ ಬರಬೇಕೆಂದು ಪ್ರಾರ್ಥಿಸುತ್ತೇನೆ. ನಾನು ದಿನವೂ ಬೆಳಗ್ಗೆ ಆರೂವರೆಗೆ ಅರಳಿಕಟ್ಟೆಯ ಬಳಿ ಇರುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಚಿತ್ರಕಲಾ ಶಿಕ್ಷಕಿ
ದಕ್ಷಿಣ ಬೆಂಗಳೂರು